ಜಾಮೀನು: ಒಬ್ಬ ಮನುಷ್ಯನ ಹೆಸರು

ಬೆಂಗಳೂರಿನ ಶಿವಾಜಿನಗರದ ಮನೆಗಳಲ್ಲಿ ಯಾರಾದರೂ ದೂರದ ಪ್ರಯಾಣಕ್ಕೆ ಹೊರಟರೆ, ಬಟ್ಟೆಯಲ್ಲಿ ಸುತ್ತಿದ ನಾಣ್ಯವನ್ನು ತೋಳಿಗೆ ಕಟ್ಟುವ ವಾಡಿಕೆಯುಂಟು. ಅದರ ಹೆಸರು ಇಮಾಮ್ ಜಾಮಿನ್. ಸುಖವಾಗಿ ತಲುಪಿದ ಮೇಲೆ ಬಿಚ್ಚಿ ದಾನ ಕೊಡುತ್ತಾರೆ. ಹೊರಟವನಿಗೆ ಇಮಾಮ್ ರಜಾ ಹೊಣೆ ಎಂಬ ನಂಬಿಕೆ. ಬೇಡನಿಗೆ ಸಿಕ್ಕ ಜಿಂಕೆಯೊಂದು ಮರಿಗೆ ಹಾಲೂಡಿಸಿ ಬರುತ್ತೇನೆಂದಾಗ, ಅದು ಮರಳುವ ತನಕ ನಾನಿದ್ದೇನೆ ಎಂದು ನಿಂತವರು ಅವರು ಎಂಬುದು ಐತಿಹ್ಯ. ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ ಈ ಜಿಂಕೆ ಹೊಸಬಳೇನಲ್ಲ. ನಮ್ಮ ಹಸುವಿನ ಪರವಾಗಿ ಮಾತ್ರ ಯಾರೂ ನಿಲ್ಲಲಿಲ್ಲ. ಕೋರ್ಟಿನ ಭಾಷೆಯಲ್ಲಿ ಹೇಳುವುದಾದರೆ ಹುಲಿ ಅವಳನ್ನು ಸ್ವಂತ ಮುಚ್ಚಳಿಕೆಯ ಮೇಲೆ ಬಿಟ್ಟಿತು. (ಈ ಮುಚ್ಚಳಿಕೆಯೂ, ಕೇಳಲು ಮುಚ್ಚಳದ ನೆಂಟನಂತಿದ್ದರೂ, ತುರ್ಕಿಯಿಂದ ಪಾರಸಿಯ ಮೂಲಕ ಬಂದ ಮಾತು.)

ಅರಬ್ಬಿಯ 'ಜಾಮಿನ್' ಎಂದರೆ ಹೊಣೆ ನಿಂತ ಮನುಷ್ಯ. ಅವನು ನಿಲ್ಲುವ ಕೆಲಸಕ್ಕೆ ಉರ್ದುವಿನಲ್ಲಿ ಬೇರೆ ಪದವೇ ಇದೆ, 'ಜಮಾನತ್'. ಕನ್ನಡಕ್ಕೆ ಬಂದದ್ದು ಮನುಷ್ಯನ ಹೆಸರು. ಬಂದ ಮೇಲೆ ಮನುಷ್ಯ ಅದರೊಳಗಿಂದ ಎದ್ದುಹೋದ. ಈಗ ಜಾಮೀನು ಸಿಗುತ್ತದೆ, ರದ್ದಾಗುತ್ತದೆ, ಒಮ್ಮೊಮ್ಮೆ ಮುಂದಕ್ಕೂ ಹೋಗುತ್ತದೆ. ಆಳು ಬೇಕಾದಾಗ 'ದಾರ' ಅಂಟಿಸಿ ಜಾಮೀನುದಾರ ಎಂದೆವು. ಮೂಲಕ್ಕೆ ಹೋದರೆ 'ಹೊಣೆಗಾರನುಳ್ಳವನು' ಎಂಬ ವಿಚಿತ್ರ ಅರ್ಥ! "ಅವನಿಗೆ ನಾನು ಜಾಮೀನು" ಎಂಬ ಆಡುಮಾತಿನಲ್ಲಿ ಮಾತ್ರ ಹಳೆಯ ಜಾಡು ಉಳಿದಿದೆ.

ನಮ್ಮದೇ ಮಾತು ಇರಲಿಲ್ಲವೆಂದಲ್ಲ. ಹೊಣೆ ಇತ್ತು, ಹಳಗನ್ನಡದ 'ಪೊಣೆ'. ಹಲಸೂರಿನಲ್ಲಿ ತಮಿಳು ಪತ್ರಿಕೆ ಓದುವವರಿಗೆ ಜಾಮೀನು ಈಗಲೂ 'ಪಿಣೈ'. ಅದು ಪೊಣೆಯ ಒಡಹುಟ್ಟು, ಹೆಣೆಯುವುದು ಎಂಬರ್ಥವೂ ಅದಕ್ಕುಂಟು. ಒಬ್ಬನ ಬಾಳಿಗೆ ಇನ್ನೊಬ್ಬ ತನ್ನನ್ನು ಹೆಣೆದುಕೊಳ್ಳುವುದು. ಕನ್ನಡದ ಹೊಣೆ ಈಗ ಕೋರ್ಟು ಬಿಟ್ಟು ರಾಜಕಾರಣಿಗಳ ಭಾಷಣ ಸೇರಿದೆ.

ಕೋರ್ಟಿನಲ್ಲಿ ಉಳಿದದ್ದು ಪಹಣಿ, ಖಾತೆ, ಕಂದಾಯದ ರಸೀದಿ. 1978ರಲ್ಲಿ ಮಧ್ಯಪ್ರದೇಶದ ಗಾರೆ ಕೆಲಸದವನೊಬ್ಬನಿಗೆ 10,000 ರೂಪಾಯಿಯ ಜಾಮೀನು ಕೇಳಿ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಸೋದರನ ಹೊಣೆಯನ್ನು ಕೆಳಗಿನ ಕೋರ್ಟು ತಳ್ಳಿಹಾಕಿತ್ತು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವನನ್ನು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿಸಿದರು. ಪುಣ್ಯಕೋಟಿ ನ್ಯಾಯ.

ಜಾಮೀನಿನ ಮೂಲ ಪ್ರಶ್ನೆ ಇದು: ಬಿಟ್ಟರೆ ಮರಳಿ ಬರುತ್ತಾನೆಯೆ? ಮುಂಬೈ ದಾಳಿಯ ಬೆನ್ನಿಗೆ 2008ರಲ್ಲಿ ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ) ಕಾಯ್ದೆಗೆ ಸೇರಿದ 43ಡಿ ಕಲಮು ಆ ಪ್ರಶ್ನೆಯನ್ನೇ ಹಿಂದಕ್ಕೆ ತಳ್ಳಿತು. ಭಯೋತ್ಪಾದನೆಯ ಆರೋಪ ಮೇಲ್ನೋಟಕ್ಕೆ ನಿಜವೆಂದು ನಂಬಲು ಕೇಸ್ ಡೈರಿಯಲ್ಲೋ ಆರೋಪಪಟ್ಟಿಯಲ್ಲೋ ಸಕಾರಣ ಕಂಡರೆ ಜಾಮೀನು ಕೊಡುವಂತಿಲ್ಲ. ಇಡೀ ಬೀದಿಯೇ ಹೊಣೆ ನಿಂತರೂ ಅಷ್ಟೆ. ವಿಚಾರಣೆಯೇ ಮುಗಿಯದೆ ವರ್ಷಗಟ್ಟಲೆ ಒಳಗಿದ್ದರೆ ಉಚ್ಚ ನ್ಯಾಯಾಲಯಗಳು ಬಿಡಬಹುದೆಂದು ಸುಪ್ರೀಂ ಕೋರ್ಟು 2021ರ ಫೆಬ್ರವರಿಯಲ್ಲಿ, ಕೇರಳದ ನಜೀಬ್ ಪ್ರಕರಣದಲ್ಲಿ ಒಂದು ಕಿಂಡಿ ತೆರೆಯಿತು.

ಇನ್ನೊಂದು ಕಿಂಡಿ ನಮ್ಮೂರಿನದು. 2020ರ ಆಗಸ್ಟ್ 11ರ ರಾತ್ರಿ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ ಠಾಣೆಗಳ ಮೇಲೆ ದಾಳಿಯಾಯಿತು, ಶಾಸಕರೊಬ್ಬರ ಮನೆಗೆ ಬೆಂಕಿ ಬಿತ್ತು, ಪೊಲೀಸರ ಗುಂಡಿಗೆ ಜನ ಸತ್ತರು. ಯುಎಪಿಎ ಹಾಕಿ ತನಿಖೆಯನ್ನು ಕೇಂದ್ರದ ತನಿಖಾ ಸಂಸ್ಥೆ ಎನ್‌ಐಎಗೆ ವಹಿಸಲಾಯಿತು. ಈ ಕಾಯ್ದೆಯಲ್ಲಿ ತನಿಖೆಯ 90 ದಿನದ ಗಡುವನ್ನು ಕೋರ್ಟು 180ಕ್ಕೆ ಏರಿಸಬಹುದು; ಗಡುವಿನೊಳಗೆ ಆರೋಪಪಟ್ಟಿ ಬಾರದಿದ್ದರೆ ಜಾಮೀನು ಹಕ್ಕು. ಇಲ್ಲಿ ಏರಿಸುವಾಗ ಒಳಗಿದ್ದವರ ಮಾತನ್ನೇ ಕೇಳಿರಲಿಲ್ಲ. 2021ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟು ಆ ಆದೇಶ ರದ್ದುಮಾಡಿ 115 ಮಂದಿಗೆ ಜಾಮೀನು ಕೊಟ್ಟಿತು. ಅವರು ತಪ್ಪು ಮಾಡಿದ್ದಾರೋ ಇಲ್ಲವೋ ಎಂಬ ಮಾತು ಅಲ್ಲಿ ಬರಲೇ ಇಲ್ಲ. ವಕೀಲರು ಇದನ್ನು 'ಡೀಫಾಲ್ಟ್ ಜಾಮೀನು' ಎನ್ನುತ್ತಾರೆ. ಗಡುವಿಗೆ ತಪ್ಪಿದ್ದು ಸರ್ಕಾರ. ಈ ಸಲ ಹುಲಿಯೇ ಮಾತಿಗೆ ತಪ್ಪಿತ್ತು ಎನ್ನಬೇಕು.

ಇಂಥ ಆದೇಶಗಳ ಬಾಲಕ್ಕೆ ಸಾಮಾನ್ಯವಾಗಿ 'ಇಬ್ಬರು ಶ್ಯೂರಿಟಿ' ಎಂಬ ಷರತ್ತು ಅಂಟಿಕೊಂಡೇ ಬರುತ್ತದೆ. ಆಗ ಮನೆಯವರು ಓಣಿ ಓಣಿ ತಿರುಗಿ ಹುಡುಕುವುದು ಪದದ ಹಳೆಯ ಅರ್ಥವನ್ನೇ: ಖಾತೆ ಪತ್ರ ಕಂಕುಳಲ್ಲಿಟ್ಟುಕೊಂಡು ಬಂದು, ಯುಎಪಿಎ ಎಂದು ಬರೆದ ಕಾಗದದ ಕೆಳಗೆ ಸಹಿ ಹಾಕಬಲ್ಲ ಒಬ್ಬ ಮನುಷ್ಯನನ್ನು.