ಥೈಲ್ಯಾಂಡ್ ಪ್ರವಾಸ: ಊಟದ ಜೊತೆ ಥಾಯ್ ನೃತ್ಯ ನೋಡುವ ಆಸೆಯೇ? ಬುಕ್ ಮಾಡುವ ಮುನ್ನ ಇದು ತಿಳಿದಿರಲಿ

ಥೈಲ್ಯಾಂಡ್‌ಗೆ ಹೋಗುವ ಭಾರತೀಯ ಕುಟುಂಬಗಳ ಪ್ರವಾಸ ಪಟ್ಟಿಯಲ್ಲಿ ಒಂದು ಸಂಜೆ 'ಡಿನ್ನರ್ ಮತ್ತು ಥಾಯ್ ಡ್ಯಾನ್ಸ್ ಶೋ'ಗೆ ಮೀಸಲಾಗಿರುವುದು ಸಾಮಾನ್ಯ. ಆದರೆ ಈ ಒಂದೇ ಹೆಸರಿನಲ್ಲಿ ಬಗೆಬಗೆಯ ಕಾರ್ಯಕ್ರಮಗಳು ಮಾರಾಟವಾಗುತ್ತವೆ. ರಾಮಾಯಣದ ಮುಖವಾಡ ನಾಟಕ ನೋಡಲು ಹೋದವರಿಗೆ ಕ್ಯಾಬರೆ ಸಿಗಬಹುದು. ಸಸ್ಯಾಹಾರಿಗಳ ತಟ್ಟೆಗೆ ಮೀನಿನ ಸಾಸ್ ಹಾಕಿದ ಪಲ್ಯ ಬರಬಹುದು. ಊಟ, ನೃತ್ಯ ಎರಡೂ ಒಂದೇ ಟಿಕೆಟ್‌ನಲ್ಲಿ ಬಂದರೂ ಅವನ್ನು ಬೇರೆ ಬೇರೆಯಾಗಿ ವಿಚಾರಿಸಿಕೊಳ್ಳುವುದೇ ಜಾಣತನ.

ವೇದಿಕೆಯಲ್ಲಿ ಏನೇನು ಇರುತ್ತದೆ?

ಥಾಯ್ ಶಾಸ್ತ್ರೀಯ ರಂಗಕಲೆಗಳಲ್ಲಿ ಮೊದಲ ಸಾಲಿನದು 'ಖೋನ್' ಎಂಬ ಮುಖವಾಡದ ನೃತ್ಯನಾಟಕ. ಯುನೆಸ್ಕೋ 2018ರಲ್ಲಿ ಇದನ್ನು ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿದೆ. ಇದರ ಕಥಾವಸ್ತು 'ರಾಮಕಿಯೆನ್', ಅಂದರೆ ಥಾಯ್ ರಾಮಾಯಣ. ಇಲ್ಲಿ ರಾಮ 'ಫ್ರ ರಾಮ್', ಸೀತೆ 'ನಾಂಗ್ ಸೀದಾ', ಲಕ್ಷ್ಮಣ 'ಫ್ರ ಲಕ್', ದಶಕಂಠ ರಾವಣ 'ಥೋತ್ಸಕನ್'.

ಖೋನ್ ಪಾತ್ರಗಳಲ್ಲಿ ನಾಲ್ಕು ವರ್ಗ: ನಾಯಕ, ನಾಯಕಿ, ರಾಕ್ಷಸ ಮತ್ತು ವಾನರ. ರಾಕ್ಷಸರಿಗೆ ಥಾಯ್ ಭಾಷೆಯಲ್ಲಿ 'ಯಕ್' ಎನ್ನುತ್ತಾರೆ. ಇದು 'ಯಕ್ಷ' ಪದದಿಂದಲೇ ಬಂದದ್ದು. ರಾಕ್ಷಸರೂ ವಾನರರೂ ಮುಖವಾಡ ಧರಿಸುತ್ತಾರೆ, ಮಾತಾಡುವುದಿಲ್ಲ. ಪಕ್ಕದಲ್ಲಿ ಕುಳಿತ ಗಾಯಕರು ಮತ್ತು ನಿರೂಪಕರು ಕಥೆ ಹೇಳುತ್ತಾರೆ. ಯಕ್ಷಗಾನ ನೋಡಿ ಬೆಳೆದವರಿಗೆ ಭಾಗವತರ ಹಾಡು ನೆನಪಾಗುವುದು ಸಹಜ. ಆದರೆ ಯಕ್ಷಗಾನದಂತೆ ಇಲ್ಲಿ ವೇಷಧಾರಿಗಳ ಅರ್ಥಗಾರಿಕೆ ಇರುವುದಿಲ್ಲ. ಕೋಪ, ಪ್ರೀತಿ, ಗರ್ವ ಎಲ್ಲವೂ ಕೈ, ಕಾಲು, ಕತ್ತಿನ ಚಲನೆಯಲ್ಲೇ ಬರಬೇಕು. ಕಲಾವಿದರು ಗುರುವಂದನೆಯಲ್ಲಿ ಭರತಮುನಿಯನ್ನು ಸ್ಮರಿಸುತ್ತಾರೆ. ಮುಖವಾಡಗಳನ್ನು ಪೂಜ್ಯವೆಂದು ಕಾಣುವುದರಿಂದ ಕೇಳದೆ ಮುಟ್ಟಬಾರದು.

ಒಂದು ವಿಷಯ ಮಾತ್ರ ಮನೆಯ ಹಿರಿಯರಿಗೆ ಮೊದಲೇ ಹೇಳಿರುವುದು ಒಳ್ಳೆಯದು. ರಾಮಕಿಯೆನ್‌ನ ಹನುಮಂತ ಬ್ರಹ್ಮಚಾರಿಯಲ್ಲ. ಸೇತುವೆ ಕಟ್ಟುವಾಗ ಕಲ್ಲುಗಳನ್ನು ಕದಿಯುವ ಮತ್ಸ್ಯಕನ್ಯೆ, ರಾವಣನ ಮಗಳು ಸುವನ್ನಮಚ್ಚಾಳನ್ನು ಆತ ಪ್ರೀತಿಸುತ್ತಾನೆ. ಊಟದ ಪ್ರದರ್ಶನಗಳಲ್ಲಿ ಈ ಪ್ರಸಂಗ ಬಹಳ ಜನಪ್ರಿಯ.

ಊಟದ ಜೊತೆ ಸಿಗುವುದು ತುಣುಕುಗಳು

ರೆಸ್ಟೋರೆಂಟ್ ಪ್ರದರ್ಶನಗಳಲ್ಲಿ ಪೂರ್ಣ ಖೋನ್ ನಿರೀಕ್ಷಿಸುವಂತಿಲ್ಲ. ಸಾಮಾನ್ಯವಾಗಿ ರಾಮಕಿಯೆನ್‌ನ ಒಂದು ಚಿಕ್ಕ ಪ್ರಸಂಗ, ಜೊತೆಗೆ ಬೇರೆ ಬೇರೆ ಪ್ರಾಂತ್ಯಗಳ ನೃತ್ಯಗಳು ಇರುತ್ತವೆ. ಉದ್ದನೆಯ ಹಿತ್ತಾಳೆ ಉಗುರು ತೊಟ್ಟು ಕುಣಿಯುವ ಉತ್ತರದ 'ಫೋನ್ ಲೆಪ್', ಈಶಾನ್ಯದ ಚುರುಕಾದ 'ಸೆರ್ಂಗ್', ದಕ್ಷಿಣದ 'ನೋರಾ', ಕತ್ತಿವರಸೆ ಇವುಗಳಲ್ಲಿ ಕೆಲವು. ಮಕ್ಕಳಿರುವ ಕುಟುಂಬಕ್ಕೆ, ಮೊದಲ ಬಾರಿ ನೋಡುವವರಿಗೆ ಇಂಥ ಮಿಶ್ರ ಕಾರ್ಯಕ್ರಮವೇ ಹಿತ. ಬ್ಯಾಂಕಾಕ್‌ನಲ್ಲಿ ನದಿಯಾಚೆ ದಡದಲ್ಲಿರುವ ಮ್ಯಾಂಡರಿನ್ ಓರಿಯೆಂಟಲ್ ಹೋಟೆಲ್‌ನ 'ಸಾಲಾ ರಿಮ್ ನಾಮ್' ಇದಕ್ಕೆ ಬಹುಕಾಲದಿಂದ ಹೆಸರಾದ ಜಾಗ. ಖರ್ಚು ಮಾತ್ರ ಪಂಚತಾರಾ ಮಟ್ಟದ್ದು.

ನೃತ್ಯವೇ ಮುಖ್ಯ ಎನ್ನುವವರು ಊಟವನ್ನು ಬೇರೆ ಕಡೆ ಇಟ್ಟುಕೊಳ್ಳುವುದು ಲೇಸು. 1933ರಲ್ಲಿ ಆರಂಭವಾದ ಸಾಲಾ ಚಲೆರ್ಮ್‌ಕ್ರುಂಗ್ ರಂಗಮಂದಿರದಲ್ಲಿ ಖೋನ್ ಪ್ರದರ್ಶನ ನಡೆಯುತ್ತದೆ. ಗ್ರ್ಯಾಂಡ್ ಪ್ಯಾಲೆಸ್‌ನ 500 ಬಾತ್ ಟಿಕೆಟ್‌ನಲ್ಲೇ ಇಲ್ಲಿನ ಹಗಲಿನ ಕಿರು ಪ್ರದರ್ಶನವನ್ನೂ ಸೇರಿಸಿಕೊಂಡು ಬರಲಾಗಿದೆ. ಇದನ್ನು ಗಮನಿಸದೆ ಟಿಕೆಟ್ ಎಸೆದುಬಿಡುವವರೂ ಇದ್ದಾರೆ. ಟಿಕೆಟ್ ಕೊಳ್ಳುವಾಗಲೇ ಆ ದಿನದ ಸಮಯ ಕೇಳಿಕೊಳ್ಳಬೇಕು. ಪ್ಯಾಲೆಸ್ ಆವರಣದ ಫ್ರ ಕೇವ್ ದೇಗುಲದ ಸುತ್ತುಗೋಡೆಯಲ್ಲಿ ರಾಮಕಿಯೆನ್‌ನ 178 ಭಿತ್ತಿಚಿತ್ರಗಳಿವೆ. ಮೊದಲು ಅವನ್ನು ನೋಡಿ ನಂತರ ರಂಗಮಂದಿರಕ್ಕೆ ಹೋದರೆ ಭಾಷೆ ಬಾರದಿದ್ದರೂ ಕಥೆ ತಿಳಿಯುತ್ತದೆ.

ಚಿಯಾಂಗ್ ಮಾಯ್‌ನ ಖಾಂತೋಕ್

ಉತ್ತರದ ಚಿಯಾಂಗ್ ಮಾಯ್‌ಗೆ ಹೋಗುವವರಿಗೆ 'ಖಾಂತೋಕ್' ಊಟವಿದೆ. ಖಾಂತೋಕ್ ಎಂದರೆ ಕಾಲುಗಳಿರುವ ದುಂಡನೆಯ ಗಿಡ್ಡ ಮರದ ಪೀಠ. ಹಳೆಯ ಕನ್ನಡ ಮನೆಗಳ ಅಡ್ಡಣಿಗೆಯನ್ನು ನೆನಪಿಸುತ್ತದೆ. ಅದರ ಮೇಲೆ ಸಣ್ಣ ಬಟ್ಟಲುಗಳಲ್ಲಿ ಪದಾರ್ಥಗಳು, ಜೊತೆಗೆ ಕೈಯಲ್ಲೇ ಉಂಡೆ ಮಾಡಿ ತಿನ್ನುವ ಅಂಟು ಅಕ್ಕಿಯ ಅನ್ನ. ಓಲ್ಡ್ ಚಿಯಾಂಗ್ ಮಾಯ್ ಕಲ್ಚರಲ್ ಸೆಂಟರ್ ಇದಕ್ಕೆ ಪ್ರಸಿದ್ಧ. ನೆಲದ ಮೇಲೆ ಕುಳಿತು ಉಣ್ಣುವ ಪದ್ಧತಿಯಾದ್ದರಿಂದ ಮಂಡಿನೋವು ಇರುವವರು ಕುರ್ಚಿ ವ್ಯವಸ್ಥೆಯನ್ನು ಮೊದಲೇ ಕೇಳಬೇಕು. ಮಾಮೂಲಿ ಖಾಂತೋಕ್‌ನಲ್ಲಿ ಹಂದಿಮಾಂಸದ ಸಾರು, ಹಂದಿ ಚರ್ಮದ ಹುರುಕಲು, ಕೋಳಿ ಇರುತ್ತವೆ. ಸಸ್ಯಾಹಾರದ ತಟ್ಟೆ ಬೇಕಿದ್ದರೆ ಬುಕಿಂಗ್ ವೇಳೆಯೇ ಹೇಳಬೇಕು.

'ವೆಜ್' ಎಂದರೆ ಸಾಲದು

ಥಾಯ್ ಅಡುಗೆಯಲ್ಲಿ ಉಪ್ಪಿನ ಕೆಲಸವನ್ನು ಹೆಚ್ಚಾಗಿ ಮಾಡುವುದು 'ನಾಮ್ ಪ್ಲಾ' ಎಂಬ ಮೀನಿನ ಸಾಸ್. ಕರಿ ಮಸಾಲೆಗಳಲ್ಲಿ 'ಕಪಿ' ಎಂಬ ಸೀಗಡಿ ಪೇಸ್ಟ್ ಅರೆದಿರುತ್ತದೆ. ಬರೀ ತರಕಾರಿ ಕಾಣುವ ಪದಾರ್ಥದಲ್ಲೂ ಇವು ಇರಬಹುದು. ಆದ್ದರಿಂದ ಎರಡು ಪದ ಗೊತ್ತಿರಲಿ:

- ಮಾಂಗ್ಸವಿರತ್: ಮಾಂಸವಿಲ್ಲದ ಊಟ. ಮೊಟ್ಟೆ, ಹಾಲು ಇರಬಹುದು.
- ಜೇ: ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ವ್ರತದಲ್ಲಿರುವವರಿಗೆ, ಈರುಳ್ಳಿ-ಬೆಳ್ಳುಳ್ಳಿ ಬಿಟ್ಟವರಿಗೆ ಇದೇ ಸರಿ. ಹಳದಿ ಬಾವುಟದ ಮೇಲಿನ ಕೆಂಪು ಅಕ್ಷರ ಇದರ ಗುರುತು.

'ಮಾಯ್ ಸಾಯ್ ನಾಮ್ ಪ್ಲಾ' ಎಂದರೆ ಮೀನಿನ ಸಾಸ್ ಹಾಕಬೇಡಿ ಎಂದರ್ಥ. ಬಫೆಗಿಂತ ತಟ್ಟೆಗೆ ಬಡಿಸುವ ನಿಗದಿತ ಊಟದಲ್ಲಿ ಇಂಥ ಬದಲಾವಣೆ ಸುಲಭ; ಬಫೆಯಲ್ಲಿ ಎಲ್ಲವೂ ಮೊದಲೇ ಬೆಂದಿರುತ್ತದೆ.

ಹೆಸರು ಕೇಳಿ ಮೋಸ ಹೋಗಬೇಡಿ

ಪಟ್ಟಾಯ, ಫುಕೆಟ್‌ನ ಕ್ಯಾಬರೆಗಳು ದೀಪ, ಗರಿ, ಪಾಪ್ ಹಾಡುಗಳ ರಂಜನೆ. ಅವು ಸಾಂಪ್ರದಾಯಿಕ ಥಾಯ್ ನೃತ್ಯವಲ್ಲ. ಚಾವೊ ಫ್ರಾಯ ನದಿಯ ಡಿನ್ನರ್ ಕ್ರೂಸ್‌ಗಳಲ್ಲಿ ನೋಟವೇ ಮುಖ್ಯ, ನೃತ್ಯ ಇದ್ದರೂ ಅಲ್ಪ. ಹಳೆಯ ಪ್ರವಾಸ ಬರಹಗಳನ್ನು ನಂಬುವಂತಿಲ್ಲ. ಅವುಗಳಲ್ಲಿ ಈಗಲೂ ಕಾಣುವ ಬ್ಯಾಂಕಾಕ್‌ನ 'ಸಿಯಾಮ್ ನಿರಮಿತ್' 2021ರಲ್ಲೇ ಮುಚ್ಚಿದೆ.

ಹಣ ಕಟ್ಟುವ ಮುನ್ನ ಕೇಳಬೇಕಾದ್ದು

- ನೃತ್ಯ ಎಷ್ಟು ಹೊತ್ತು? ಖೋನ್ ಪ್ರಸಂಗ ಇದೆಯೇ?
- ಊಟ ನೃತ್ಯಕ್ಕೆ ಮೊದಲೋ, ಜೊತೆಗೋ?
- ವೇದಿಕೆ ಎದುರಿನ ಆಸನ ಖಚಿತವೇ?
- ಜೇ ಊಟ ಸಿಗುತ್ತದೆಯೇ? ಉತ್ತರ ಲಿಖಿತವಾಗಿ ಇರಲಿ.
- ಸೇವಾ ಶುಲ್ಕ, ತೆರಿಗೆ, ಪಾನೀಯ ದರದಲ್ಲಿ ಸೇರಿವೆಯೇ?
- ಹೋಟೆಲ್‌ನಿಂದ ಕರೆದೊಯ್ದು ಮರಳಿ ಬಿಡುತ್ತಾರೆಯೇ? ಬ್ಯಾಂಕಾಕ್‌ನ ಸಂಜೆ ಟ್ರಾಫಿಕ್‌ನಲ್ಲಿ ತಡವಾದರೆ ಮೊದಲ ದೃಶ್ಯವೇ ತಪ್ಪುತ್ತದೆ.

ಇವಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ ಹಗಲಲ್ಲಿ ಖೋನ್, ರಾತ್ರಿ ತಮಗೆ ಒಗ್ಗುವ ಹೋಟೆಲ್‌ನಲ್ಲಿ ಊಟ ಎಂದು ವಿಂಗಡಿಸಿಕೊಳ್ಳಬಹುದು. ಆಗ ನೃತ್ಯವೂ ಕೈತಪ್ಪುವುದಿಲ್ಲ, ಯಾರೂ ಅರೆಹೊಟ್ಟೆಯಲ್ಲಿ ಮಲಗಬೇಕಾಗುವುದಿಲ್ಲ.