ದೊಡ್ಡರೋಗದ ನಿರ್ಮೂಲನೆ: ಅಂಕಿಸಂಖ್ಯೆಯಿಂದ ನೀತಿಯೆಡೆಗೆ

ಭಾರತದ ಕೃಷಿ ಇತಿಹಾಸದ ಅಧ್ಯಯನಗಳಲ್ಲಿ ಬರಗಾಲಕ್ಕೆ ದೊರೆತಷ್ಟು ಗಮನ ಜಾನುವಾರು ಪಿಡುಗುಗಳಿಗೆ ದೊರೆತಿಲ್ಲ. ಉಳುವ ಎತ್ತು ಸತ್ತ ವರ್ಷ, ಮಳೆ ಸಕಾಲಕ್ಕೆ ಬಂದರೂ ರೈತನ ಹೊಲ ಬೀಳು ಬೀಳುತ್ತಿತ್ತು. ಇಂತಹ ಪಿಡುಗುಗಳಲ್ಲಿ ಅತ್ಯಂತ ಭೀಕರವಾದುದು ಕನ್ನಡದಲ್ಲಿ ದೊಡ್ಡರೋಗವೆಂದು ಕರೆಯಲಾಗುತ್ತಿದ್ದ ರಿಂಡರ್‌ಪೆಸ್ಟ್. ಜ್ವರ, ಬಾಯಿಹುಣ್ಣು, ತೀವ್ರ ಭೇದಿಗಳಿಂದ ಕೂಡಿದ್ದ ಈ ವೈರಾಣು ರೋಗ ಹೊಕ್ಕ ಕೊಟ್ಟಿಗೆ ಬರಿದಾಗುತ್ತಿತ್ತು. 2011ರಲ್ಲಿ ಇದು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಸಿಡುಬಿನ ತರುವಾಯ ಮಾನವ ಪ್ರಯತ್ನದಿಂದ ಅಳಿದ ಎರಡನೆಯ ರೋಗವಿದು. ಇದರ ಶ್ರೇಯಸ್ಸು ಸಾಮಾನ್ಯವಾಗಿ ಲಸಿಕೆಗೆ ಸಲ್ಲುತ್ತದೆ. ಆದರೆ ಲಸಿಕೆಯನ್ನು ಎಲ್ಲಿ, ಯಾವಾಗ ನಿಲ್ಲಿಸಬೇಕೆಂಬ ನಿರ್ಧಾರವೂ ಅಷ್ಟೇ ನಿರ್ಣಾಯಕವಾಗಿತ್ತು. ಆ ನಿರ್ಧಾರಕ್ಕೆ ಆಧಾರ ಒದಗಿಸಿದ್ದು ಸಂಖ್ಯಾಶಾಸ್ತ್ರ.

ವಸಾಹತು ಸರ್ಕಾರ ಈ ಸಮಸ್ಯೆಯನ್ನು ಗಂಭೀರವಾಗಿ ಪರಿಗಣಿಸಿದುದಕ್ಕೆ ಭಾರತೀಯ ಜಾನುವಾರು ಪಿಡುಗುಗಳ ಆಯೋಗದ 1871ರ ವರದಿ ಸಾಕ್ಷಿಯಾಗಿದೆ. 1889ರಲ್ಲಿ ಪುಣೆಯಲ್ಲಿ ಆರಂಭವಾದ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿಕಲ್ ಪ್ರಯೋಗಾಲಯ ಕೆಲವೇ ವರ್ಷಗಳಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಸ್ಥಳಾಂತರಗೊಂಡಿತು. 1920ರ ದಶಕದಲ್ಲಿ ಅಲ್ಲಿಯೇ ಜೆ. ಟಿ. ಎಡ್ವರ್ಡ್ಸ್ ಅವರು ವೈರಾಣುವನ್ನು ಮೇಕೆಗಳಲ್ಲಿ ಬೆಳೆಸಿ ಸೌಮ್ಯಗೊಳಿಸಿದ ಲಸಿಕೆಯನ್ನು ರೂಪಿಸಿದರು. ಅದೇ ದಶಕದಲ್ಲಿ, 1925ರಲ್ಲಿ, ಮೈಸೂರು ಸಂಸ್ಥಾನವು ದೊಡ್ಡರೋಗವನ್ನು ಎದುರಿಸಲು ಬೆಂಗಳೂರಿನಲ್ಲಿ ಸೀರಂ ಸಂಸ್ಥೆಯನ್ನು ಸ್ಥಾಪಿಸಿತು.

ಸ್ವಾತಂತ್ರ್ಯಾನಂತರ 1954ರಲ್ಲಿ ರಾಷ್ಟ್ರೀಯ ರಿಂಡರ್‌ಪೆಸ್ಟ್ ನಿರ್ಮೂಲನ ಕಾರ್ಯಕ್ರಮ ಪ್ರಾರಂಭವಾಯಿತು. ಐದು ವರ್ಷಗಳಲ್ಲಿ ದನ ಮತ್ತು ಎಮ್ಮೆಗಳ ಪೈಕಿ ಶೇ. 80ರಷ್ಟಕ್ಕೆ ಲಸಿಕೆ ಹಾಕುವುದು, ಅನಂತರ ಉಳಿದವುಗಳನ್ನೂ ಹೊಸದಾಗಿ ಹುಟ್ಟಿದ ಕರುಗಳನ್ನೂ ತಲುಪುವುದು ಇದರ ಯೋಜನೆಯಾಗಿತ್ತು. ವರ್ಷಕ್ಕೆ ಸಾವಿರಗಳಲ್ಲಿದ್ದ ರೋಗೋದ್ರೇಕಗಳು ನೂರುಗಳಿಗೆ ಇಳಿದವು. ಆದರೆ ಸೊನ್ನೆಗೆ ಇಳಿಯಲಿಲ್ಲ. 1980ರ ದಶಕದಲ್ಲಿಯೂ ದಕ್ಷಿಣ ಭಾರತದಲ್ಲಿ ರೋಗ ಮರುಕಳಿಸುತ್ತಲೇ ಇತ್ತು. ಶೇ. 80 ಎಂಬುದು ಒಂದು ಸರಾಸರಿ. ರಸ್ತೆಯಂಚಿನ ಗ್ರಾಮದಲ್ಲಿ ಎಲ್ಲ ದನಗಳಿಗೂ ಲಸಿಕೆ ದೊರೆತು, ಒಳನಾಡಿನ ಗ್ರಾಮದಲ್ಲಿ ಒಂದಕ್ಕೂ ದೊರೆಯದಿದ್ದರೂ ಜಿಲ್ಲೆಯ ಸರಾಸರಿ ತೃಪ್ತಿಕರವಾಗಿಯೇ ತೋರಬಹುದು. ವೈರಾಣು ಸರಾಸರಿಯನ್ನು ಗಮನಿಸುವುದಿಲ್ಲ; ರಕ್ಷಣೆಯಿಲ್ಲದ ಹಿಂಡನ್ನು ಹುಡುಕುತ್ತದೆ. ಹಾಕಿದ ಲಸಿಕೆಗಳ ಎಣಿಕೆಯಿಂದ ರೋಗದ ನೆಲೆಯನ್ನು ಅರಿಯಲಾಗದು ಎಂಬುದು ಈ ಘಟ್ಟದ ಪಾಠವಾಗಿತ್ತು.

ಎಣಿಕೆಯ ಇನ್ನೊಂದು ದೋಷ ರೋಗದ ಗುರುತಿಗೆ ಸಂಬಂಧಿಸಿದುದು. 1987ರಲ್ಲಿ ತಮಿಳುನಾಡಿನ ಅರಸೂರಿನಲ್ಲಿ ಕುರಿಗಳಲ್ಲಿ ಕಾಣಿಸಿಕೊಂಡ ವ್ಯಾಧಿ ರಿಂಡರ್‌ಪೆಸ್ಟ್ ಅಲ್ಲ, ಅದರ ಸಮೀಪಬಂಧುವಾದ ಪಿ.ಪಿ.ಆರ್. ಎಂದು ಖಚಿತಪಟ್ಟಿತು. ಎರಡು ರೋಗಗಳು ಒಂದೇ ಹೆಸರಿನಲ್ಲಿ ದಾಖಲಾದರೆ ನಿರ್ಮೂಲನೆಯ ಲೆಕ್ಕವೇ ತಪ್ಪುತ್ತದೆ. ಆದ್ದರಿಂದ ಪ್ರಯೋಗಾಲಯದ ದೃಢೀಕರಣವು ಅಂಕಿಸಂಖ್ಯೆಗೆ ಪೂರ್ವಭಾವಿಯಾದ ಅಗತ್ಯವಾಯಿತು.

1992ರಲ್ಲಿ ಯುರೋಪಿಯನ್ ಸಮುದಾಯದ ನೆರವಿನೊಂದಿಗೆ ಆರಂಭವಾದ ರಾಷ್ಟ್ರೀಯ ರಿಂಡರ್‌ಪೆಸ್ಟ್ ನಿರ್ಮೂಲನ ಯೋಜನೆಯು ದೇಶವನ್ನು ರೋಗದ ಸ್ಥಿತಿಗೆ ಅನುಗುಣವಾಗಿ ವಲಯಗಳಾಗಿ ವಿಂಗಡಿಸಿತು. ಇಲ್ಲಿ ಒಂದು ಕಠಿಣ ಪ್ರಶ್ನೆ ಎದುರಾಯಿತು. ಲಸಿಕೆ ಪಡೆದ ದನದ ರಕ್ತದಲ್ಲಿಯೂ ಸೋಂಕು ತಗುಲಿ ಬದುಕುಳಿದ ದನದ ರಕ್ತದಲ್ಲಿಯೂ ಕಂಡುಬರುವ ಪ್ರತಿಕಾಯಗಳನ್ನು ಅಂದಿನ ಪರೀಕ್ಷೆಗಳಿಂದ ಬೇರ್ಪಡಿಸಿ ಗುರುತಿಸಲಾಗುತ್ತಿರಲಿಲ್ಲ. ಲಸಿಕೆ ಮುಂದುವರಿಯುವವರೆಗೆ ರೋಗವಿಲ್ಲವೆಂದು ಸಿದ್ಧಪಡಿಸುವುದು ಅಸಾಧ್ಯವಾಗಿತ್ತು. ನಿಲ್ಲಿಸಿದಾಗ ರೋಗ ಎಲ್ಲಿಯಾದರೂ ಅಡಗಿದ್ದರೆ ಲಕ್ಷಾಂತರ ರೈತರ ದನಗಳು ಅಪಾಯಕ್ಕೀಡಾಗುತ್ತಿದ್ದವು.

ಈ ಇಕ್ಕಟ್ಟಿನಿಂದ ಹೊರಬರಲು ನೆರವಾದುದು ಮಾದರಿ ಸಮೀಕ್ಷೆ. ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ, ರೋಗವು ಶೇ. 1ರಷ್ಟು ಹಿಂಡುಗಳಲ್ಲಿದ್ದರೂ ಅದನ್ನು ಪತ್ತೆಹಚ್ಚುವ ಸಂಭವನೀಯತೆ ಶೇ. 95ರಷ್ಟಿರಬೇಕು. ಹಿಂಡಿನ ಬದಲು ಗ್ರಾಮವನ್ನು ಘಟಕವೆಂದು ಭಾವಿಸಿದರೆ ಲೆಕ್ಕ ಸರಳವಾಗುತ್ತದೆ. ಯಾದೃಚ್ಛಿಕವಾಗಿ ಆಯ್ದ ಒಂದು ಗ್ರಾಮ ರೋಗರಹಿತವಾಗಿರುವ ಸಂಭವ 0.99, 300 ಗ್ರಾಮಗಳೂ ಹಾಗಿರುವ ಸಂಭವ ಸುಮಾರು 0.05. ಅಂದರೆ 300 ಗ್ರಾಮಗಳಲ್ಲಿ ಎಲ್ಲಿಯೂ ರೋಗದ ಕುರುಹು ದೊರೆಯದಿದ್ದರೆ, ರೋಗ ಆ ಮಟ್ಟದಲ್ಲಿ ಇಲ್ಲವೆಂದು ಶೇ. 95ರ ವಿಶ್ವಾಸದಿಂದ ಹೇಳಬಹುದು. ಪ್ರದೇಶದಲ್ಲಿ ಹತ್ತು ಸಾವಿರ ಗ್ರಾಮಗಳಿದ್ದರೂ ಲಕ್ಷ ಗ್ರಾಮಗಳಿದ್ದರೂ ಈ ಸಂಖ್ಯೆ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಪ್ರತಿ ಗ್ರಾಮದಲ್ಲಿ ಎಷ್ಟು ದನಗಳ ರಕ್ತ ಸಂಗ್ರಹಿಸಬೇಕೆಂಬುದೂ ಇದೇ ಬಗೆಯ ಗಣನೆಯಿಂದ ನಿಶ್ಚಯವಾಗುತ್ತದೆ. ಪರೀಕ್ಷೆಯೇ ಕೆಲವನ್ನು ತಪ್ಪಿಸುವ ಸಾಧ್ಯತೆಯಿದ್ದರೆ ಮಾದರಿಯ ಗಾತ್ರ ಹಿಗ್ಗುತ್ತದೆ. ಲಸಿಕೆ ನಿಂತ ಮೇಲೆ ಹುಟ್ಟಿದ ಎಳೆಯ ದನಗಳು ಇಲ್ಲಿ ಮುಖ್ಯ ಸಾಕ್ಷಿಗಳಾದವು. ಅವುಗಳಲ್ಲಿ ಪ್ರತಿಕಾಯ ಕಂಡರೆ ಅದು ಲಸಿಕೆಯಿಂದ ಬಂದುದೆನ್ನಲು ಆಸ್ಪದವಿರಲಿಲ್ಲ.

ಗ್ರಾಮಗಳ ಆಯ್ಕೆ ಅನುಕೂಲಕ್ಕೆ ಬಿಟ್ಟ ವಿಷಯವಾಗಿರಬಾರದೆಂಬುದು ಈ ವಿಧಾನದ ಜೀವಾಳ. ಬೆಂಗಳೂರಿನ ಹೆಬ್ಬಾಳದಲ್ಲಿದ್ದ ಪ್ರಾಣಿರೋಗ ಕಣ್ಗಾವಲು ಯೋಜನೆಯು ಮಾದರಿಯ ಚೌಕಟ್ಟನ್ನು ರೂಪಿಸುವಲ್ಲಿ ಹಾಗೂ ರಕ್ತಪರೀಕ್ಷೆಯ ಸಾಧನಗಳನ್ನು ಒದಗಿಸುವಲ್ಲಿ ಪ್ರಮುಖ ಪಾತ್ರ ವಹಿಸಿತು. ಭಾರತದಲ್ಲಿ ರಿಂಡರ್‌ಪೆಸ್ಟ್‌ನ ಕೊನೆಯ ಉದ್ರೇಕ ದಾಖಲಾದುದು 1995ರಲ್ಲಿ. ಲಸಿಕೆ ಹಂತಹಂತವಾಗಿ ನಿಂತಿತು. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯು 2004ರಲ್ಲಿ ದೇಶವನ್ನು ರೋಗಮುಕ್ತವೆಂದೂ 2006ರಲ್ಲಿ ಸೋಂಕುಮುಕ್ತವೆಂದೂ ಮಾನ್ಯ ಮಾಡಿತು. ರೋಗಲಕ್ಷಣ ಕಾಣದಿರುವುದು ಬೇರೆ, ವೈರಾಣುವೇ ಇಲ್ಲದಿರುವುದು ಬೇರೆ; ಈ ಎರಡು ಘೋಷಣೆಗಳ ಅಂತರದಲ್ಲಿ ಆ ವಿವೇಚನೆ ಅಡಗಿದೆ.

ಹೆಬ್ಬಾಳದ ಯೋಜನೆ 2000ದಲ್ಲಿ ನಿರ್ದೇಶನಾಲಯವಾಗಿ, 2013ರಲ್ಲಿ ‘ನಿವೇದಿ’ ಎಂಬ ಸಂಕ್ಷಿಪ್ತ ನಾಮದ ರಾಷ್ಟ್ರೀಯ ಸಂಸ್ಥೆಯಾಗಿ ಬೆಳೆಯಿತು. ಹಳೆಯ ರೋಗೋದ್ರೇಕಗಳ ದತ್ತಾಂಶವನ್ನು ಹವಾಮಾನದೊಂದಿಗೆ ಹೋಲಿಸಿ, ಜಿಲ್ಲಾವಾರು ಮುನ್ಸೂಚನೆಯನ್ನು ಎರಡು ತಿಂಗಳು ಮೊದಲೇ ನೀಡುವ ವ್ಯವಸ್ಥೆಯನ್ನು ಅದು ರೂಪಿಸಿದೆ. ಇಂತಹ ಯಾವುದೇ ಗಣನೆಯ ಮೌಲ್ಯ ಅಂತಿಮವಾಗಿ ಹಳ್ಳಿಯಿಂದ ಬರುವ ವರದಿಯ ಪ್ರಾಮಾಣಿಕತೆಯನ್ನೇ ಅವಲಂಬಿಸಿದೆ. ಉದ್ರೇಕವನ್ನು ವರದಿ ಮಾಡಿದವನಿಗೆ ದಂಡನೆಯೂ ಮುಚ್ಚಿಟ್ಟವನಿಗೆ ಪ್ರಶಂಸೆಯೂ ದೊರೆಯುವ ಆಡಳಿತದಲ್ಲಿ ಸೊನ್ನೆ ಎಂಬ ಅಂಕಿ ಏನನ್ನೂ ಸಾಬೀತುಪಡಿಸುವುದಿಲ್ಲ. ದೊಡ್ಡರೋಗದ ಪ್ರಕರಣದಲ್ಲಿ ಆ ಸೊನ್ನೆಗೆ ಅರ್ಥ ಬಂದುದು, ಅದನ್ನು ಸುಳ್ಳೆಂದು ತೋರಿಸಲು ವ್ಯವಸ್ಥಿತವಾಗಿ ಪ್ರಯತ್ನಿಸಿಯೂ ಸಾಧ್ಯವಾಗದಿದ್ದುದರಿಂದ.