ಡಂಗುರ ಮತ್ತು ಪಿಸುಮಾತು

ಆಪತ್ತಿನ ಕಾಲದಲ್ಲಿ ಆಳುವವರು ಪ್ರಜೆಗಳೊಡನೆ ಏನನ್ನು ಆಡಿದರು, ಯಾವ ಬಾಯಿಂದ ಆಡಿಸಿದರು, ಆಡಲೇಬೇಕಾದ ಮಾತನ್ನು ಎಷ್ಟು ಕಾಲ ಆಡದೆ ಉಳಿದರು ಎಂಬುದನ್ನು ಅರಿಯಬಯಸುವವನಿಗೆ, 1896ರ ಮುಂಬಯಿಯ ಪ್ಲೇಗಿನಷ್ಟು ಸಮೃದ್ಧವಾದ ದಾಖಲೆಯನ್ನು ಬಿಟ್ಟುಹೋದ ವಿಪತ್ತು ನಮ್ಮ ದೇಶದಲ್ಲಿ ಅಪೂರ್ವ. ಹಳೆಯ ಗ್ರಂಥಭಂಡಾರಗಳಲ್ಲಿ, ಗೆಜೆಟಿಯರುಗಳ ಸಾಲಿಗೆ ಸಮೀಪದಲ್ಲಿಯೇ, ಆ ಪ್ಲೇಗಿನ ವರದಿಗಳ ದಪ್ಪ ಸಂಪುಟಗಳು ಸಿಗುತ್ತವೆ: ನಗರಸಭೆಯ ಕಮಿಷನರ್ ಸ್ನೋ ಬರೆದುದು ಒಂದು, ಪ್ಲೇಗು ಸಮಿತಿಯ ಅಧ್ಯಕ್ಷನಾಗಿದ್ದ ಬ್ರಿಗೇಡಿಯರ್ ಜನರಲ್ ಗಾಟೇಕರನದು ಇನ್ನೊಂದು, ಭಾರತ ಸರಕಾರದ ಪರವಾಗಿ ನೇಥನ್ ಸಂಕಲಿಸಿದುದು ಮತ್ತೊಂದು. ಇವುಗಳನ್ನೇ ಓದಿ ಮುಗಿಸಿದವನು ಆ ಕಾಲದ ಚರಿತ್ರೆಯ ಅರ್ಧವನ್ನು ಮಾತ್ರ ಓದಿದಂತಾಯಿತು. ಉಳಿದರ್ಧ ಬೇರೊಂದು ಕಪಾಟಿನಲ್ಲಿದೆ.

ಮೊದಲು ಸರಕಾರದ ಮಾತನ್ನೇ ನೋಡೋಣ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯ ಇಕ್ಕಟ್ಟಾದ ಬೀದಿಗಳಲ್ಲಿ ಕಂಕುಳು ತೊಡೆಸಂದುಗಳಲ್ಲಿ ಗಂಟು ಕಟ್ಟಿ ಸಾಯುತ್ತಿದ್ದ ರೋಗಿಗಳನ್ನು ಕಂಡು ಡಾಕ್ಟರ್ ಅಕಾಸಿಯೊ ವಿಯೆಗಾಸ್ ಇದು ಪ್ಲೇಗೇ ಎಂದು ನಿಸ್ಸಂಕೋಚವಾಗಿ ನುಡಿದಾಗ, ಆ ಹೆಸರನ್ನು ಒಪ್ಪಿಕೊಳ್ಳಲು ಅಧಿಕಾರವರ್ಗಕ್ಕೆ ಮನಸ್ಸು ಬರಲಿಲ್ಲ. ಹೆಸರು ಹೊರಬಿದ್ದರೆ ವಿದೇಶಗಳ ಬಂದರುಗಳು ಮುಂಬಯಿಯ ಹಡಗುಗಳಿಗೆ ಬಾಗಿಲು ಮುಚ್ಚುವುವೆಂಬ ಭಯ ವರ್ತಕರಿಗೂ ಸರಕಾರಕ್ಕೂ ಸಮಾನವಾಗಿತ್ತು. ಒಪ್ಪಿಕೊಂಡ ಮೇಲೆಯಾದರೂ ಸಮಾಧಾನದ ಮಾತು ಬಂದಿತೆ? ಬಂದದ್ದು ಆಜ್ಞೆ. ಅಕ್ಟೋಬರ್ 6ರ ಪ್ರಕಟಣೆಯು, ರೋಗಿಯನ್ನು ಮನೆಯಿಂದ ಬಲಾತ್ಕಾರವಾಗಿಯಾದರೂ ಆಸ್ಪತ್ರೆಗೆ ಸಾಗಿಸುವ ಅಧಿಕಾರವನ್ನು ನಗರಸಭೆಯ ನೌಕರರ ಕೈಗೆ ಕೊಟ್ಟಿತು. ಆಸ್ಪತ್ರೆಯೊಳಗೆ ನಡೆಯುವುದೇನು, ಹೋದವರು ಹಿಂದಿರುಗುವರೆ, ಸತ್ತವರ ಶವಸಂಸ್ಕಾರವನ್ನು ಯಾರು ಮಾಡುವರು ಎಂಬ ಪ್ರಶ್ನೆಗಳಿಗೆ ಉತ್ತರ ಹೇಳುವವರಿರಲಿಲ್ಲ.

ಹೇಳುವವರಿಲ್ಲದ ಕಡೆ ಜನ ತಾವೇ ಹೇಳಿಕೊಂಡರು. ಆಸ್ಪತ್ರೆಗೆ ಒಯ್ದವರನ್ನು ತಲೆಕೆಳಗಾಗಿ ನೇತುಹಾಕಿ ಅವರ ಮೈಯಿಂದ ಮೋಮಿಯಾಯಿ ಎಂಬ ತೈಲವನ್ನು ಇಳಿಸುತ್ತಾರೆಂದು ಒಂದು ಸುದ್ದಿ. ಆ ಅಕ್ಟೋಬರಿನಲ್ಲಿಯೇ ರಾಣಿ ವಿಕ್ಟೋರಿಯಾಳ ಪ್ರತಿಮೆಗೆ ಯಾರೋ ಟಾರು ಬಳಿದಿದ್ದುದರಿಂದ, ಕುಪಿತಳಾದ ರಾಣಿಯು ಮನುಷ್ಯರ ಯಕೃತ್ತುಗಳನ್ನು ಬಲಿಯಾಗಿ ಕೇಳಿದ್ದಾಳೆಂದು ಇನ್ನೊಂದು. ಇವನ್ನು ಮೂಢನಂಬಿಕೆಯೆಂದು ನಕ್ಕು ತಳ್ಳಿಹಾಕುವುದು ಸುಲಭ. ಸ್ನೋವಿನ ಕಾಲದ ಅಧಿಕಾರಿಗಳು ಮಾಡಿದ್ದೂ ಅದನ್ನೇ. ನನಗಾದರೋ ಇವು, ಕಾರಣ ತಿಳಿಸದೆ ಕೈಹಿಡಿದು ಎಳೆದವರಿಗೆ ಜನರಿತ್ತ ಉತ್ತರವೆಂದೇ ತೋರುತ್ತವೆ. ಬಲಾತ್ಕಾರಕ್ಕೊಂದು ಹೇತುವನ್ನು ಕಲ್ಪಿಸಿಕೊಳ್ಳದೆ ಮನುಷ್ಯನಿಗೆ ನಿದ್ರೆ ಬರುವುದಿಲ್ಲವಷ್ಟೆ. ಅಕ್ಟೋಬರ್ 29ರಂದು ಗಿರಣಿಯ ಕೂಲಿಗಳು ಗುಂಪುಗೂಡಿ ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ಬಿದ್ದರು. ಆಜ್ಞೆಯ ಬಿಗಿ ಅನಂತರ ಸಡಿಲವಾಯಿತು. ಹಾಗೇಕೆ ಸಡಿಲಿಸಬೇಕಾಯಿತೆಂಬುದಕ್ಕೆ ಸ್ನೋ ತನ್ನ ವರದಿಯಲ್ಲಿ ಕೊಡುವ ಕಾರಣ ಬಹು ಪ್ರಾಮಾಣಿಕವಾದುದು: ಬೀದಿ ಗುಡಿಸುವ, ಮಲ ಹೊರುವ ಹಲಾಲಖೋರರು ಹೆದರಿ ಊರು ಬಿಟ್ಟರೆ ಮುಂಬಯಿ ಮನುಷ್ಯವಾಸಕ್ಕೆ ಯೋಗ್ಯವಾಗಿ ಉಳಿಯದೆಂದು ಅವನು ಅಂಜಿದ್ದನು. ಅವರನ್ನು ಉಳಿಸಿಕೊಂಡರೂ, 8,50,000ದಷ್ಟಿದ್ದ ನಗರವಾಸಿಗಳಲ್ಲಿ ಮುಂದಿನ ವರ್ಷದ ಆರಂಭಕ್ಕೆ ಹೆಚ್ಚುಕಡಿಮೆ ಅರ್ಧದಷ್ಟು ಜನ ಊರು ಬಿಟ್ಟಿದ್ದರು.

ಈ ಪಿಸುಮಾತುಗಳನ್ನು ನಮಗೆ ಉಳಿಸಿಕೊಟ್ಟವರಾರು? ಅದೇ ಸರಕಾರವೇ. ಆ ಕಾಲದಲ್ಲಿ ಮುಂಬಯಿ ಸರಕಾರಕ್ಕೆ ಭಾಷಾಂತರಕಾರರ ಕಚೇರಿಯೊಂದಿದ್ದಿತು. ಪ್ರಾಂತದಲ್ಲಿ ಹೊರಡುತ್ತಿದ್ದ ಮರಾಠಿ, ಗುಜರಾತಿ, ಉರ್ದು, ಕನ್ನಡ ಪತ್ರಿಕೆಗಳನ್ನೆಲ್ಲ ತಿರುವಿಹಾಕಿ, ಸರಕಾರದ ಕಿವಿಗೆ ಬೀಳತಕ್ಕುದನ್ನು ಇಂಗ್ಲಿಷಿನಲ್ಲಿ ಸಂಗ್ರಹಿಸಿ, ವಾರಕ್ಕೊಮ್ಮೆ ಅಚ್ಚುಹಾಕಿಸಿ, ಗೋಪ್ಯವೆಂಬ ಮುದ್ರೆಯೊಡನೆ ಅಧಿಕಾರಿಗಳಿಗೆ ಹಂಚುವುದು ಅದರ ಕೆಲಸ. ವಾರವಾರದ ಈ ವರದಿಯ ಮೊದಲ ಹಾಳೆಗಳೇ ಒಂದು ವಿಸ್ಮಯ: ಪತ್ರಿಕೆಯ ಹೆಸರು, ಹೊರಡುವ ಊರು, ಸಂಪಾದಕನ ಹೆಸರು, ಜಾತಿ, ವಯಸ್ಸು, ಖರ್ಚಾಗುವ ಪ್ರತಿಗಳ ಸಂಖ್ಯೆ, ಎಲ್ಲವೂ ಕೋಷ್ಟಕವಾಗಿ ನಿಂತಿರುತ್ತವೆ. ಧಾರವಾಡ, ಬೆಳಗಾಂವಿ, ವಿಜಾಪುರಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ವಿಜಾಪುರದ ‘ಕರ್ನಾಟಕ ವೈಭವ’ದಂಥ ನಮ್ಮ ಪತ್ರಿಕೆಗಳ ದನಿಯೂ ಅಲ್ಲಿ ಕೇಳಿಬರುತ್ತದೆ. ಪ್ರಜೆಯ ಮೇಲೆ ಕಣ್ಣಿಡುವುದಕ್ಕೆ ಹುಟ್ಟಿದ ಕಾಗದ ಪ್ರಜೆಯ ಸಾಕ್ಷಿಯಾಗಿ ನಿಂತುದು ವಿಧಿಯ ವಿನೋದ. ಆದರೆ ಓದುವವನು ಒಂದನ್ನು ಮರೆಯಲಾಗದು. ಹಲವು ಪತ್ರಿಕೆಗಳ ಮೂಲ ಸಂಚಿಕೆಗಳು ಎಂದೋ ನಷ್ಟವಾಗಿವೆ. ಉಳಿದಿರುವುದು ಭಾಷಾಂತರಕಾರನು ಆಯ್ದ ನಾಲ್ಕು ಸಾಲು. ಅವನು ಬಿಟ್ಟ ಸಾಲುಗಳನ್ನು ಇನ್ನು ಯಾರೂ ಓದಲಾರರು. ಆದಕಾರಣ ಒಂದು ಕೈಯಲ್ಲಿ ಸ್ನೋವಿನ ಸಂಪುಟವನ್ನೂ ಇನ್ನೊಂದರಲ್ಲಿ ಆ ವಾರದ ವರದಿಯನ್ನೂ ಹಿಡಿದು, ದಿನಾಂಕಕ್ಕೆ ದಿನಾಂಕವನ್ನು ತಾಳೆನೋಡುತ್ತ ಸಾಗುವುದೇ ವಿಹಿತವಾದ ಮಾರ್ಗ. ಆಜ್ಞೆ ಹೊರಟ ದಿನ ಇತ್ತ, ಅದಕ್ಕೆ ಊರು ಏನೆಂದಿತೆಂಬುದು ಅತ್ತ.

ಹೀಗೆ ತಾಳೆನೋಡಿದಾಗ 1897ರ ಪುಣೆಯ ಪ್ರಕರಣ ಮನಸ್ಸನ್ನು ಕದಡುತ್ತದೆ. ಅಲ್ಲಿಯ ಪ್ಲೇಗು ಅಧಿಕಾರಿ ರ‍್ಯಾಂಡನ ಅಪ್ಪಣೆಯಂತೆ ಗೋರಾ ಸಿಪಾಯಿಗಳು ಮನೆಮನೆ ಹೊಕ್ಕು ದೇವರಕೋಣೆ, ಅಡಿಗೆಮನೆಗಳನ್ನೂ ಬಿಡದೆ ಶೋಧಿಸಿದರು. ಜೂನ್ 22ರ ರಾತ್ರಿ ಚಾಪೇಕರ್ ಸೋದರರು ಅವನ ಮೇಲೆ ಗುಂಡು ಹಾರಿಸಿದರು. ಆಗ ಇಂಗ್ಲೆಂಡಿನಲ್ಲಿದ್ದ ಗೋಖಲೆಯವರು, ಪುಣೆಯ ಮಿತ್ರರು ಕಾಗದದಲ್ಲಿ ಬರೆದುದನ್ನು ನಂಬಿ, ಸಿಪಾಯಿಗಳು ಸ್ತ್ರೀಯರ ಮಾನಭಂಗ ಮಾಡಿದರೆಂದು ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆಗೆ ತಿಳಿಸಿದರು. ಹಿಂದಿರುಗಿ ಬಂದು ವಿಚಾರಿಸಿದರೆ, ಬರೆದವರಲ್ಲಿ ಒಬ್ಬರೂ ಮುಂದೆ ಬಂದು ಸಾಕ್ಷಿ ನುಡಿಯಲು ಸಿದ್ಧರಿರಲಿಲ್ಲ. ಗೋಖಲೆಯವರು ಆಗಸ್ಟಿನಲ್ಲಿ ಬಹಿರಂಗವಾಗಿ ಕ್ಷಮೆ ಬೇಡಿದರು, ಅದಕ್ಕಾಗಿ ಸ್ವದೇಶೀಯರ ತಿರಸ್ಕಾರವನ್ನು ಬಹುಕಾಲ ಹೊತ್ತರು. ತಿಲಕರಿಗೆ ‘ಕೇಸರಿ’ಯ ಬರಹಗಳಿಗಾಗಿ ಸೆಪ್ಟೆಂಬರಿನಲ್ಲಿ 18 ತಿಂಗಳ ಶಿಕ್ಷೆಯಾಯಿತು. ಮರುವರ್ಷ ಸರಕಾರವು ದಂಡಸಂಹಿತೆಯನ್ನೇ ತಿದ್ದಿ, ರಾಜದ್ರೋಹದ ಕಲಮನ್ನು ವಿಸ್ತರಿಸಿ, ಗಾಳಿಸುದ್ದಿ ಹಬ್ಬಿಸುವುದಕ್ಕೆ ಸಂಬಂಧಿಸಿದ 505ನೆಯ ಕಲಮನ್ನೂ ಹೊಸದಾಗಿ ಬರೆಯಿತು. ಪಿಸುಮಾತನ್ನು ತಡೆಯಲು ಡಂಗುರವನ್ನು ಸರಿಪಡಿಸುವುದಕ್ಕಿಂತ ಕಾನೂನನ್ನು ಸರಿಪಡಿಸುವುದು ಅಗ್ಗವೆಂದು ಕಂಡಿರಬೇಕು.

ಇದಕ್ಕೆ ಪ್ರತಿಯಾದ ದೃಷ್ಟಾಂತವೂ ಉಂಟು, ಅದು ನಮ್ಮ ನೆಲದ್ದು. 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗು ಹೊಕ್ಕಿತು. ಇಲಿ ಬಿದ್ದ ಮನೆಯವರು ಗಂಟುಮೂಟೆ ಕಟ್ಟಿ ಊರಾಚೆ ಗುಡಿಸಲು ಹಾಕಿದರು. ಅಲ್ಲಿ, ವಿಜ್ಞಾನಿ ಹಾಫ್ಕಿನನು ಮುಂಬಯಿಯ ತನ್ನ ಪ್ರಯೋಗಶಾಲೆಯಲ್ಲಿ ಸಿದ್ಧಪಡಿಸಿದ ಪ್ಲೇಗಿನ ಲಸಿಕೆಯನ್ನು ಕೆಲವೇ ತಿಂಗಳಲ್ಲಿ 30,000ಕ್ಕೂ ಮಿಕ್ಕ ಜನ ಚುಚ್ಚಿಸಿಕೊಂಡರು. ಸೂಜಿಯೆಂದರೆ ಬೆಚ್ಚುತ್ತಿದ್ದ ಆ ಕಾಲದಲ್ಲಿ ಇದು ಸಾಮಾನ್ಯವಾದ ಸಂಖ್ಯೆಯಲ್ಲ. ಚುಚ್ಚಿಸಿಕೊಂಡವನಿಗೆ ಸರ್ಟಿಫಿಕೇಟು ಸಿಗುತ್ತಿತ್ತು, ಅದು ಕೈಯಲ್ಲಿದ್ದವನಿಗೆ ಪ್ರತ್ಯೇಕವಾಸದ ಕಾಟದಿಂದ ವಿನಾಯಿತಿಯಿತ್ತು. ಪಕ್ಕದ ಮನೆಯವನು ಚುಚ್ಚಿಸಿಕೊಂಡೂ ಬದುಕಿರುವುದನ್ನು ಕಣ್ಣಾರೆ ಕಂಡ ಮೇಲೆ ಡಂಗುರದವನ ಕೂಗಿಗೆ ತೂಕ ಬಂದಿತು.

ಆದರೆ ಅಚ್ಚಾದ ಕಾಗದದ ಬಲವೆಂಥದೆಂಬುದು ನಿಚ್ಚಳವಾಗುವುದು ಪಂಜಾಬಿನ ಮುಲ್ಕೋವಾಲ್ ಗ್ರಾಮದ ಪ್ರಕರಣದಲ್ಲಿ. 1902ರ ಅಕ್ಟೋಬರ್ 30ರಂದು ಅಲ್ಲಿ ಲಸಿಕೆ ಚುಚ್ಚಿಸಿಕೊಂಡ 107 ಮಂದಿಯಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಸತ್ತವರೆಲ್ಲರಿಗೂ ಒಂದೇ ಸೀಸೆಯಿಂದ ಲಸಿಕೆ ಹಾಕಲಾಗಿತ್ತು. ವಿಚಾರಣೆಯ ಸಮಿತಿ ದೋಷವನ್ನು ಮುಂಬಯಿಯ ಪ್ರಯೋಗಶಾಲೆಯ ಮೇಲೆ ಹೊರಿಸಿತು; ಅದರ ಮುಖ್ಯಸ್ಥನಾಗಿದ್ದ ಹಾಫ್ಕಿನನು ಪದವಿಯನ್ನು ಕಳೆದುಕೊಂಡನು. ಸರಕಾರವು ವಿಚಾರಣೆಯ ಕಾಗದಪತ್ರಗಳನ್ನು ಪ್ರಕಟಿಸಿದ್ದು ವರ್ಷಗಳು ಕಳೆದ ಮೇಲೆ. ಹೊರಗೆ ಬಂದ ಮೇಲೆ ಅವುಗಳನ್ನು ಸಾಲುಸಾಲಾಗಿ ಓದಿದ ವಿಜ್ಞಾನಿಗಳಿಗೆ ಒಂದು ಸಣ್ಣ ಸಂಗತಿ ಕಣ್ಣಿಗೆ ಬಿತ್ತು: ಆ ಸೀಸೆಯ ಬಿರಡೆಯನ್ನು ತೆಗೆದ ಚಿಮಟ ಹಳ್ಳಿಯ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಗೊಳಿಸದೆಯೇ ಮತ್ತೆ ಬಳಸಿದ್ದರು, ಬಿರಡೆ ತೆಗೆದಾಗ ಸೀಸೆಯಿಂದ ದುರ್ವಾಸನೆಯೂ ಹೊರಟಿರಲಿಲ್ಲ, ವಿಷ ಒಳಗೇ ಬೆಳೆದಿದ್ದರೆ ಆ ವಾಸನೆ ಹೊರಡದೆ ಇರುತ್ತಿರಲಿಲ್ಲ. ರೊನಾಲ್ಡ್ ರಾಸ್ ಮೊದಲಾದವರು ಸಹಿ ಹಾಕಿದ ಪತ್ರ 1907ರ ಜುಲೈಯಲ್ಲಿ ಲಂಡನ್ನಿನ ‘ಟೈಮ್ಸ್’ನಲ್ಲಿ ಬೆಳಕು ಕಂಡಿತು. ವರ್ಷ ಮುಗಿಯುವ ಹೊತ್ತಿಗೆ ಹಾಫ್ಕಿನನನ್ನು ಸರಕಾರ ಕೆಲಸಕ್ಕೆ ಮರಳಿ ಕರೆಯಿತು. ಆದರೆ ಮುಂಬಯಿಯ ಅವನ ಸ್ಥಾನಕ್ಕೆ ಅಷ್ಟರಲ್ಲಿ ಬೇರೊಬ್ಬರು ಬಂದಿದ್ದರಿಂದ, ಅವನು ಕಲಕತ್ತೆಯ ಪ್ರಯೋಗಶಾಲೆಗೆ ಹೋಗಬೇಕಾಯಿತು.